ಪ್ಲಾಟಿನಂ ಬೇಡದ ಕ್ಯಾಥೋಡ್: ಕಬ್ಬಿಣ-ನೈಟ್ರೋಜನ್-ಕಾರ್ಬನ್ ಕ್ಯಾಟಲಿಸ್ಟ್ ತಯಾರಿಸಿ, ನಂಬುವಂತೆ ಅಳೆಯುವ ಸಮಗ್ರ ಮಾರ್ಗದರ್ಶಿ

ಫ್ಯೂಯೆಲ್ ಸೆಲ್ (ಹೈಡ್ರೋಜನ್ ಮತ್ತು ಆಕ್ಸಿಜನ್‌ನಿಂದ ವಿದ್ಯುತ್ ತೆಗೆಯುವ ಸಾಧನ) ಮೇಲೆ ಕೆಲಸ ಶುರು ಮಾಡಿದ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳು ಹೊತ್ತು ತರುವ ದೂರು ಹೆಚ್ಚುಕಡಿಮೆ ಒಂದೇ. ಪ್ರಬಂಧದಲ್ಲಿ ಬರೆದಂತೆಯೇ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಪುಡಿ ಮಾಡಿದ್ದಾರೆ, ಫರ್ನೇಸ್ ಸರಿಯಾಗಿದೆ, ಆದರೂ ಆಕ್ಸಿಜನ್ ರಿಡಕ್ಷನ್ (ಕ್ಯಾಥೋಡ್‌ನಲ್ಲಿ ಆಕ್ಸಿಜನ್ ಎಲೆಕ್ಟ್ರಾನ್ ಪಡೆಯುವ ಕ್ರಿಯೆ) ಗ್ರಾಫ್ ಮಾತ್ರ ಅಡ್ಡಾದಿಡ್ಡಿ. ಇಂದು ಚೆನ್ನಾಗಿ ಬಂದದ್ದು ನಾಳೆ ಬರುವುದಿಲ್ಲ. ಆಗ ಎಲ್ಲರೂ ಮಾಡುವ ಕೆಲಸ ಪುಡಿಯ ಪಾಕವಿಧಾನ ಬದಲಿಸುವುದು: ಕಬ್ಬಿಣ ಸ್ವಲ್ಪ ಜಾಸ್ತಿ, ತಾಪ ಸ್ವಲ್ಪ ಕಡಿಮೆ. ಹೀಗೇ ಒಂದು ವರ್ಷ ಕಳೆದುಹೋಗುತ್ತದೆ.

ತಪ್ಪು ಬಹುಪಾಲು ಪುಡಿಯಲ್ಲಿರುವುದಿಲ್ಲ, ಕೆಲಸದ ಕ್ರಮದಲ್ಲಿರುತ್ತದೆ. ಉತ್ತರ ಮೊದಲೇ ಗೊತ್ತಿರುವ ಒಂದು ವಸ್ತುವನ್ನು ನಿಮ್ಮ ಸೆಲ್‌ನಲ್ಲಿ ಅಳೆದು ಅದೇ ಉತ್ತರ ಪಡೆಯುವವರೆಗೆ, ಉತ್ತರ ಗೊತ್ತಿಲ್ಲದ ವಸ್ತುವನ್ನು ಅಳೆಯಬೇಡಿ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಅಳತೆ ಮೊದಲು, ತಯಾರಿ ಆಮೇಲೆ.

ತಯಾರಿಸಲು ಆರಿಸಿಕೊಂಡದ್ದು ಜಿಫ್-8 ಎಂಬ ಸತುವಿನ ಚೌಕಟ್ಟಿನಿಂದ ಹುಟ್ಟುವ ಕಬ್ಬಿಣ-ನೈಟ್ರೋಜನ್-ಕಾರ್ಬನ್ ಪುಡಿ. ಪ್ಲಾಟಿನಂ ರಹಿತ ಕ್ಯಾಟಲಿಸ್ಟ್‌ಗಳ ಪೈಕಿ ಆಮ್ಲದಲ್ಲೂ ಕ್ಷಾರದಲ್ಲೂ ಕೆಲಸ ಮಾಡುವಂಥವು ಕಡಿಮೆ, ಇದು ಅವುಗಳಲ್ಲಿ ಒಂದು. ಸಾಧಾರಣ ಕಾಲೇಜು ಲ್ಯಾಬ್‌ನಲ್ಲೂ ಮಾಡಬಹುದು.

## ಮೊದಲು ಕೂಡಿಸಿಕೊಳ್ಳಬೇಕಾದದ್ದು

ಅಳತೆಗೆ: ಪೊಟೆನ್ಷಿಯೋಸ್ಟಾಟ್ (ವೋಲ್ಟೇಜ್ ಹಿಡಿದಿಟ್ಟು ಕರೆಂಟ್ ಅಳೆಯುವ ಯಂತ್ರ), ತಿರುಗುವ ಡಿಸ್ಕ್ ಎಲೆಕ್ಟ್ರೋಡ್, 5 ಮಿಲಿಮೀಟರ್ ವ್ಯಾಸದ ಗ್ಲಾಸಿ ಕಾರ್ಬನ್ ಡಿಸ್ಕ್, ಗ್ರಾಫೈಟ್ ಕಡ್ಡಿ, ಕ್ಷಾರಕ್ಕೆ ಮರ್ಕ್ಯುರಿ-ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್, ಆಕ್ಸಿಜನ್ ಮತ್ತು ನೈಟ್ರೋಜನ್ ಸಿಲಿಂಡರ್, 20 ಶೇಕಡಾ ಪ್ಲಾಟಿನಂ ಇರುವ ವಾಣಿಜ್ಯ ಪ್ಲಾಟಿನಂ-ಕಾರ್ಬನ್ ಪುಡಿ. ಸಾಧ್ಯವಾದರೆ ರಿಂಗ್ ಇರುವ ಡಿಸ್ಕ್.

ತಯಾರಿಗೆ: ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್, 2-ಮಿಥೈಲ್ ಇಮಿಡಜೋಲ್, ಐರನ್ ಅಸಿಟೈಲ್ ಅಸಿಟೋನೇಟ್, ಮೆಥನಾಲ್, ಸೆಂಟ್ರಿಫ್ಯೂಜ್, ನಿರ್ವಾತ ಒಲೆ, 1000 ಡಿಗ್ರಿ ತಾಳುವ ಟ್ಯೂಬ್ ಫರ್ನೇಸ್, 99.999 ಶೇಕಡಾ ಶುದ್ಧತೆಯ ಆರ್ಗಾನ್.

ಇವೆರಡರ ಜೊತೆ ಕೆಲಸ ಮಾಡುವ ಫ್ಯೂಮ್ ಹುಡ್ ಬೇಕೇ ಬೇಕು. ಅದು ಇಲ್ಲದಿದ್ದರೆ ನಾಲ್ಕನೇ ಹಂತವನ್ನು ಆರಂಭಿಸಬೇಡಿ. ಏಕೆಂದು ಅಲ್ಲೇ ಹೇಳುತ್ತೇನೆ.

## ಹಂತ 1: ಸೆಲ್ ಮತ್ತು ಎಲೆಕ್ಟ್ರೋಡ್‌ಗಳನ್ನು ಸಿದ್ಧಗೊಳಿಸುವುದು

ಕೌಂಟರ್ ಎಲೆಕ್ಟ್ರೋಡ್, ಅಂದರೆ ಡಿಸ್ಕ್‌ಗೆ ಎದುರಾಗಿ ಕರೆಂಟ್ ಹರಿಸುವ ಎಲೆಕ್ಟ್ರೋಡ್. ಪ್ಲಾಟಿನಂ ತಂತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಪ್ಲಾಟಿನಂ ರಹಿತ ಕ್ಯಾಟಲಿಸ್ಟ್ ಅಳೆಯುವಾಗ ಕೌಂಟರ್ ಆಗಿ ಗ್ರಾಫೈಟ್ ಕಡ್ಡಿಯನ್ನೇ ಬಳಸಬೇಕು. ಕೌಂಟರ್ ಮೇಲೆ ವೋಲ್ಟೇಜ್ ಏರಿದಾಗ ಪ್ಲಾಟಿನಂ ಅತ್ಯಲ್ಪ ಪ್ರಮಾಣದಲ್ಲಿ ಕರಗಿ, ದ್ರಾವಣದಲ್ಲಿ ತೇಲಿ ಬಂದು ನಿಮ್ಮ ಡಿಸ್ಕ್ ಮೇಲೆ ಕೂರುತ್ತದೆ. ಆಮ್ಲದಲ್ಲಿ ಇದು ಇನ್ನೂ ಬೇಗ.

ಕೆಲಸ ಕಲಿಯುವ ದಿನಗಳಲ್ಲಿ ನನಗೆ ಹೀಗೇ ಆಯಿತು. ಗಂಧಕಾಮ್ಲದಲ್ಲಿ ವೋಲ್ಟೇಜನ್ನು ಮೇಲೆ ಕೆಳಗೆ ಸುತ್ತು ಹೊಡೆಸಿದಷ್ಟೂ ನನ್ನ ಪುಡಿ ಚುರುಕಾಗುತ್ತಾ ಹೋಯಿತು. ಮೂರು ವಾರ ಖುಷಿಯಲ್ಲಿದ್ದೆ. ಹಿರಿಯರೊಬ್ಬರು ಬಂದು ಗ್ರಾಫ್ ನೋಡುವ ಮೊದಲು ಸೆಲ್ ನೋಡಿ, ಕೌಂಟರ್ ತಂತಿಯತ್ತ ಬೆರಳು ತೋರಿಸಿದರು. ಗ್ರಾಫೈಟ್ ಹಾಕಿ ಹೊಸ ಡಿಸ್ಕ್‌ನಲ್ಲಿ ಅಳೆದಾಗ ಆ ಚುರುಕೆಲ್ಲ ಮಾಯ. ಅಂದಿನಿಂದ ಒಂದು ಗುರುತು ಇಟ್ಟುಕೊಂಡಿದ್ದೇನೆ: ಬಳಸಿದಷ್ಟೂ ಉತ್ತಮಗೊಳ್ಳುವ ಅಗ್ಗದ ಕ್ಯಾಟಲಿಸ್ಟ್ ಕಂಡರೆ ಮೊದಲು ಪ್ಲಾಟಿನಂ ಸೋರಿಕೆ ಹುಡುಕಬೇಕು.

ರೆಫರೆನ್ಸ್, ಅಂದರೆ ವೋಲ್ಟೇಜ್ ಅಳೆಯಲು ಆಧಾರವಾಗುವ ಎಲೆಕ್ಟ್ರೋಡ್. ಕ್ಷಾರದಲ್ಲಿ ಸಿಲ್ವರ್-ಸಿಲ್ವರ್ ಕ್ಲೋರೈಡ್ ಬಳಸಬೇಡಿ. ಕ್ಲೋರೈಡ್ ಹೊರಗೆ ಸೋರುತ್ತದೆ, ಹೈಡ್ರಾಕ್ಸೈಡ್ ಒಳಗೆ ಹೋಗುತ್ತದೆ, ವಿಭವ ನಿಧಾನವಾಗಿ ಜಾರುತ್ತದೆ. ಮರ್ಕ್ಯುರಿ ಆಕ್ಸೈಡ್ ರೆಫರೆನ್ಸ್ ಇದ್ದರೂ ಪುಸ್ತಕದ ಸಂಖ್ಯೆಯನ್ನು ಕಣ್ಣುಮುಚ್ಚಿ ಕೂಡಿಸಬೇಡಿ. ಪ್ರತ್ಯೇಕ ಸೆಲ್‌ನಲ್ಲಿ, ಅದೇ ದ್ರಾವಣಕ್ಕೆ ಹೈಡ್ರೋಜನ್ ಹಾಯಿಸಿ, ಶುಭ್ರವಾದ ಪ್ಲಾಟಿನಂ ತಂತಿಯನ್ನು ವರ್ಕಿಂಗ್ ಎಲೆಕ್ಟ್ರೋಡ್ ಮಾಡಿ, ಕರೆಂಟ್ ಸೊನ್ನೆ ದಾಟುವ ವಿಭವವನ್ನು ಓದಿಕೊಳ್ಳಿ. ಪ್ಲಾಟಿನಂ ತಂತಿಗೆ ಈ ಕೆಲಸದಲ್ಲಿ ಇರುವ ಜಾಗ ಇದೊಂದೇ. 1 ಮೋಲಾರ್ ಕ್ಷಾರ ತುಂಬಿದ ರೆಫರೆನ್ಸ್ ಅನ್ನು 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಇಟ್ಟರೆ ಹೈಡ್ರೋಜನ್ ಅಳತೆಗೋಲಿಗೂ (ಅದೇ ದ್ರಾವಣದ ಹೈಡ್ರೋಜನ್ ವಿಭವವನ್ನು ಸೊನ್ನೆ ಎಂದಿಟ್ಟುಕೊಂಡದ್ದು) ರೆಫರೆನ್ಸ್‌ಗೂ ಸುಮಾರು 0.87 ವೋಲ್ಟ್ ಅಂತರ ಬರಬೇಕು. 20 ಮಿಲಿವೋಲ್ಟ್‌ಗಿಂತ ಆಚೀಚೆ ಇದ್ದರೆ ರೆಫರೆನ್ಸ್ ಒಳಗಿನ ದ್ರಾವಣ ಬದಲಿಸಿ. ತಿಂಗಳಿಗೊಮ್ಮೆ ಅಲ್ಲ, ವಾರಕ್ಕೊಮ್ಮೆ ಇದನ್ನು ಮಾಡಿ.

ದ್ರಾವಣ. ಕ್ಷಾರ ಗಾಜನ್ನು ತಿನ್ನುತ್ತದೆ, ಗಾಜಿನಿಂದ ಸಿಲಿಕೇಟ್ ಮತ್ತು ಅಲ್ಪಸ್ವಲ್ಪ ಕಬ್ಬಿಣ ಬಿಡುಗಡೆಯಾಗುತ್ತದೆ. ಕ್ಷಾರವನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ, ಅಳತೆಗೆ ಟೆಫ್ಲಾನ್ ಸೆಲ್ ಇದ್ದರೆ ಅದನ್ನೇ ಬಳಸಿ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡ ಹಳೆಯ ಕ್ಷಾರ ಬೇಡ. ಅಂದಂದಿನದನ್ನು ಅಂದೇ ಮಾಡಿಕೊಳ್ಳಿ.

ಡಿಸ್ಕ್. 0.05 ಮೈಕ್ರಾನ್ ಅಲ್ಯುಮಿನಾ ಹಚ್ಚಿದ ಬಟ್ಟೆಯ ಮೇಲೆ ಎಂಟರ ಆಕಾರದಲ್ಲಿ ಐದು ನಿಮಿಷ ತಿಕ್ಕಿ. ನೀರಿನಲ್ಲಿ ಒಂದು ನಿಮಿಷ ಸಾನಿಕೇಟ್ ಮಾಡಿ (ಶಬ್ದತರಂಗದಿಂದ ಅಲುಗಿಸಿ) ತೊಳೆಯಿರಿ. ಟ್ಯೂಬ್‌ಲೈಟ್ ಕೆಳಗೆ ಹಿಡಿದಾಗ ಅದರ ಪ್ರತಿಬಿಂಬ ಅಂಚು ಒಡೆಯದೆ ಕಾಣಬೇಕು.

## ಹಂತ 2: ಗೊತ್ತಿರುವ ಉತ್ತರವನ್ನು ಮೊದಲು ಪಡೆಯುವುದು

ಇದು ಎಲ್ಲರೂ ಹಾರಿ ದಾಟುವ ಹಂತ, ಅದಕ್ಕೇ ಇಲ್ಲಿ ನಿಧಾನಿಸುತ್ತೇನೆ.

5 ಮಿಲಿಗ್ರಾಂ ಪ್ಲಾಟಿನಂ-ಕಾರ್ಬನ್ ಪುಡಿ ತೂಗಿ. ಮೊದಲು ನೀರು ಹಾಕಿ, ಆಮೇಲೆ ಆಲ್ಕೋಹಾಲ್. ಒಣ ಪ್ಲಾಟಿನಂ ಪುಡಿಗೆ ನೇರವಾಗಿ ಐಸೊಪ್ರೊಪನಾಲ್ ಬಿದ್ದರೆ ಬೆಂಕಿ ಹತ್ತಿಕೊಳ್ಳಬಹುದು. 1.9 ಮಿಲಿಲೀಟರ್ ನೀರು, 0.58 ಮಿಲಿಲೀಟರ್ ಐಸೊಪ್ರೊಪನಾಲ್, 20 ಮೈಕ್ರೋಲೀಟರ್ 5 ಶೇಕಡಾ ನಾಫಿಯಾನ್ (ಪ್ರೋಟಾನ್ ಸಾಗಿಸುವ, ಅಂಟಿನಂಥ ಪಾಲಿಮರ್) ದ್ರಾವಣ ಸೇರಿಸಿ, ಐಸ್ ಹಾಕಿದ ಸಾನಿಕೇಟರ್‌ನಲ್ಲಿ 30 ನಿಮಿಷ ಇಡಿ. ಐಸ್ ಬೇಕು, ಏಕೆಂದರೆ ಸಾನಿಕೇಟರ್ ನೀರು ಬಿಸಿಯಾದರೆ ಇಂಕ್, ಅಂದರೆ ಈ ಮಿಶ್ರಣ, ಗಂಟುಗಟ್ಟುತ್ತದೆ.

ಇದರಲ್ಲಿ 10 ಮೈಕ್ರೋಲೀಟರ್ ಡಿಸ್ಕ್ ಮೇಲೆ ಬಿಟ್ಟರೆ, 0.196 ಚದರ ಸೆಂಟಿಮೀಟರ್ ವಿಸ್ತೀರ್ಣಕ್ಕೆ ಚದರ ಸೆಂಟಿಮೀಟರ್‌ಗೆ ಸುಮಾರು 20 ಮೈಕ್ರೋಗ್ರಾಂ ಪ್ಲಾಟಿನಂ ಆಯಿತು. ಹನಿಯನ್ನು ಫ್ಯಾನ್ ಕೆಳಗೆ ಒಣಗಿಸಬೇಡಿ. ಕಾಫಿ ಲೋಟ ಎತ್ತಿದ ಮೇಲೆ ಮೇಜಿನ ಮೇಲೆ ಉಳಿಯುವ ಉಂಗುರ ನೋಡಿದ್ದೀರಲ್ಲ, ಇಲ್ಲೂ ಅದೇ ಆಗುತ್ತದೆ: ಅಂಚಿನಲ್ಲಿ ಕಪ್ಪು ಗೆರೆ, ನಡುವೆ ಬರಿಯ ಕಾರ್ಬನ್. ಎಲೆಕ್ಟ್ರೋಡನ್ನು ತಲೆಕೆಳಗಾಗಿ ರೋಟರ್‌ಗೆ ಸಿಕ್ಕಿಸಿ ನಿಮಿಷಕ್ಕೆ 700 ಸುತ್ತಿನಲ್ಲಿ ತಿರುಗಿಸುತ್ತಾ ಒಣಗಿಸಿದರೆ ಪದರ ಸಮನಾಗಿ ಕೂರುತ್ತದೆ. ಭೂತಗನ್ನಡಿಯಲ್ಲಿ ನೋಡಿ. ಅಂಚು ದಾಟಿ ಟೆಫ್ಲಾನ್ ಮೇಲೆ ಹರಿದಿದ್ದರೆ ಒರೆಸಿ ಹಾಕಿ ಮತ್ತೆ ಮಾಡಿ, ಅಳೆಯಲು ಹೋಗಬೇಡಿ.

ಈಗ ಅಳತೆಯ ಕ್ರಮ:

1. ನೈಟ್ರೋಜನ್ ತುಂಬಿದ 0.1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ವೋಲ್ಟೇಜನ್ನು 0.05 ರಿಂದ 1.0 ವೋಲ್ಟ್ ನಡುವೆ 50 ಸಲ ಮೇಲೆ ಕೆಳಗೆ ಸುತ್ತಿಸಿ. ಇಲ್ಲಿಂದ ಮುಂದೆ ವೋಲ್ಟ್ ಎಂದದ್ದೆಲ್ಲ ಹೈಡ್ರೋಜನ್ ಅಳತೆಗೋಲಿನದು. ಕೊನೆಯ ಸುತ್ತುಗಳು ಒಂದರ ಮೇಲೊಂದು ಕೂರಬೇಕು.
2. ಅದೇ ನೈಟ್ರೋಜನ್‌ನಲ್ಲಿ, ಡಿಸ್ಕನ್ನು ನಿಮಿಷಕ್ಕೆ 1600 ಸುತ್ತಿನ ವೇಗದಲ್ಲಿ ತಿರುಗಿಸುತ್ತಾ, ಸೆಕೆಂಡಿಗೆ 10 ಮಿಲಿವೋಲ್ಟ್‌ನಂತೆ ಒಂದು ಹಿನ್ನೆಲೆ ಗ್ರಾಫ್.
3. 30 ನಿಮಿಷ ಆಕ್ಸಿಜನ್ ಹಾಯಿಸಿ. ಅಳೆಯುವಾಗ ಕೊಳವೆಯನ್ನು ದ್ರಾವಣದಿಂದ ಮೇಲೆತ್ತಿ, ಮೇಲ್ಮೈ ಮೇಲೆ ಹರಿಯಲು ಬಿಡಿ. ಗುಳ್ಳೆಗಳು ಡಿಸ್ಕ್ ಕೆಳಗೆ ಸಿಕ್ಕಿಕೊಂಡರೆ ಗ್ರಾಫ್ ನಡುಗುತ್ತದೆ.
4. ಅದೇ ವೇಗ, ಅದೇ ಸ್ಕ್ಯಾನ್, ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಕೆಳಕ್ಕೆ ಬಂದರೆ ಪ್ಲಾಟಿನಂ ಮೇಲಿನ ಆಕ್ಸೈಡ್ ಅಡ್ಡ ಬಂದು ಸಂಖ್ಯೆ ಕೆಳಗಿಳಿಯುತ್ತದೆ.
5. ಇಂಪಿಡೆನ್ಸ್ (ಏರಿಳಿಯುವ ವೋಲ್ಟೇಜ್‌ಗೆ ಸೆಲ್ ಒಡ್ಡುವ ತಡೆ) ಅಳತೆಯಿಂದ ದ್ರಾವಣದ ರೋಧ ಓದಿ ತಿದ್ದುಪಡಿ ಮಾಡಿ, ಹಿನ್ನೆಲೆ ಕಳೆಯಿರಿ.

ರೋಧದ ತಿದ್ದುಪಡಿಯನ್ನು ಸಣ್ಣದೆಂದು ಬಿಡಬೇಡಿ. 0.1 ಮೋಲಾರ್ ಕ್ಷಾರದಲ್ಲಿ ರೋಧ 45 ಓಮ್ ಎಂದಿಟ್ಟುಕೊಳ್ಳಿ. ಅರ್ಧ ಎತ್ತರದಲ್ಲಿ ಕರೆಂಟ್ ಸುಮಾರು 0.54 ಮಿಲಿಆಂಪಿಯರ್. ಎರಡನ್ನೂ ಗುಣಿಸಿದರೆ 24 ಮಿಲಿವೋಲ್ಟ್. ಎರಡು ಕ್ಯಾಟಲಿಸ್ಟ್‌ಗಳಲ್ಲಿ ಯಾವುದು ಮೇಲೆಂದು ಜನ ವಾದಿಸುವ ಅಂತರವೇ ಅಷ್ಟು.

ಬರಬೇಕಾದ ಉತ್ತರ. ಹಾಫ್‌ವೇವ್ ವಿಭವ (ಕರೆಂಟ್ ಗರಿಷ್ಠದ ಅರ್ಧ ಮುಟ್ಟುವ ವೋಲ್ಟೇಜ್) 0.84 ರಿಂದ 0.87 ವೋಲ್ಟ್ ನಡುವೆ ಇರಬೇಕು. ಸಮತಟ್ಟಾದ ಗರಿಷ್ಠ ಕರೆಂಟ್ ಲೆವಿಚ್ ಸಮೀಕರಣದ (ತಿರುಗುವ ಡಿಸ್ಕ್‌ಗೆ ಎಷ್ಟು ಆಕ್ಸಿಜನ್ ತಲುಪುತ್ತದೆಂದು ಹೇಳುವ ಸೂತ್ರ) ಪ್ರಕಾರ, ಸಮುದ್ರಮಟ್ಟದಲ್ಲಿ, 25 ಡಿಗ್ರಿಯಲ್ಲಿ, ಚದರ ಸೆಂಟಿಮೀಟರ್‌ಗೆ ಸುಮಾರು 5.7 ಮಿಲಿಆಂಪಿಯರ್.

ಸಮುದ್ರಮಟ್ಟ ಎಂಬ ಮಾತನ್ನು ಗಮನಿಸಿ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 90 ಶೇಕಡಾ. ಶುದ್ಧ ಆಕ್ಸಿಜನ್ ಹಾಯಿಸಿದರೂ ದ್ರಾವಣದಲ್ಲಿ ಕರಗುವುದು ಅಷ್ಟೇ ಪಾಲು. ಹಾಗಾಗಿ ಮಂಗಳೂರಿನ ಲ್ಯಾಬ್‌ನಲ್ಲಿ 5.7 ಬರುವ ಕಡೆ ಬೆಂಗಳೂರಿನಲ್ಲಿ 5.1 ಬರುವುದು ಸಹಜ. ಇದು ಗೊತ್ತಿಲ್ಲದೆ 5.7 ತಲುಪಲು ಲೋಡಿಂಗ್ (ಡಿಸ್ಕ್ ಮೇಲೆ ಹಚ್ಚುವ ಪುಡಿಯ ಪ್ರಮಾಣ) ಏರಿಸುತ್ತಾ ಹೋದ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಅವರ ತಪ್ಪೇನೂ ಇರಲಿಲ್ಲ, ಊರಿನ ಎತ್ತರ ಯಾರೂ ಹೇಳಿರಲಿಲ್ಲ.

ಲೆವಿಚ್ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. ವೇಗವನ್ನು ಸೆಕೆಂಡಿಗೆ ರೇಡಿಯನ್ ಎಂದು ಹಾಕಿದರೆ ಗುಣಕ 0.62, ನಿಮಿಷಕ್ಕೆ ಸುತ್ತು ಎಂದು ಹಾಕಿದರೆ 0.2. ಇವೆರಡನ್ನು ಅದಲುಬದಲು ಮಾಡಿದರೆ ಉತ್ತರ ಮೂರು ಪಟ್ಟು ತಪ್ಪುತ್ತದೆ.

ಎಚ್ಚರಿಕೆಯ ಚಿಹ್ನೆಗಳು. ಗರಿಷ್ಠ ಕರೆಂಟ್ 6.2 ದಾಟಿದರೆ ಇಂಕ್ ಡಿಸ್ಕ್ ಆಚೆ ಹರಿದಿದೆ ಅಥವಾ ಹಿನ್ನೆಲೆ ಕಳೆದಿಲ್ಲ. 4.5ಕ್ಕಿಂತ ಕಡಿಮೆಯಾದರೆ ಪದರ ಹರಿದಿದೆ, ಇಲ್ಲವೇ ಆಕ್ಸಿಜನ್ ಪೂರ್ತಿ ತುಂಬಿಲ್ಲ. ಸಮತಟ್ಟಾಗಬೇಕಾದ ಜಾಗ ಇಳಿಜಾರಾಗಿದ್ದರೆ ಉಂಗುರದ ಸಮಸ್ಯೆ.

ಮೂರು ಬೇರೆ ಬೇರೆ ದಿನ, ಮೂರು ಹೊಸ ಪದರಗಳಲ್ಲಿ, ಹಾಫ್‌ವೇವ್ 10 ಮಿಲಿವೋಲ್ಟ್ ಒಳಗೆ ಹೊಂದಿಕೊಂಡರೆ ಮುಂದೆ ಹೋಗಿ. ಅಲ್ಲಿಯವರೆಗೆ ಫರ್ನೇಸ್ ಮುಟ್ಟಬೇಡಿ. ಇದಕ್ಕೆ ಒಂದು ತಿಂಗಳು ಹಿಡಿದರೂ ಅದು ಲಾಭದ ತಿಂಗಳೇ.

## ಹಂತ 3: ಕಬ್ಬಿಣ ತುಂಬಿದ ಜಿಫ್-8 ಹರಳು

ತತ್ವ ಸರಳ. ಸತು ಮತ್ತು ಇಮಿಡಜೋಲ್ ಸೇರಿ ಗೂಡುಗಳಂಥ ಹರಳಾಗುತ್ತವೆ. ಗೂಡಿನ ಒಳಗಿನ ಅಗಲ 11.6 ಆಂಗ್‌ಸ್ಟ್ರಾಂ, ಬಾಗಿಲು ಮಾತ್ರ 3.4. ಐರನ್ ಅಸಿಟೈಲ್ ಅಸಿಟೋನೇಟ್ ಅಣು ಸುಮಾರು 9.7 ಆಂಗ್‌ಸ್ಟ್ರಾಂ. ಗೂಡು ಕಟ್ಟುವಾಗಲೇ ಅದು ಒಳಗಿದ್ದರೆ ಮತ್ತೆ ಹೊರಬರಲಾರದು, ಮತ್ತು ಒಂದು ಗೂಡಿನಲ್ಲಿ ಒಂದಕ್ಕೇ ಜಾಗ. ಕಬ್ಬಿಣದ ಪರಮಾಣುಗಳು ಒಂಟಿಯಾಗಿ ಉಳಿಯುವುದು ಹೀಗೆ, ನಮಗೆ ಬೇಕಾದದ್ದೂ ಅದೇ. ಫೆರಿಕ್ ನೈಟ್ರೇಟ್ ಅಗ್ಗ ಎಂದು ಬಳಸಿದರೆ ಇಮಿಡಜೋಲ್‌ನ ಕ್ಷಾರಗುಣಕ್ಕೆ ಅದು ಹೈಡ್ರಾಕ್ಸೈಡ್ ಆಗಿ ಕೆಳಗಿಳಿಯುವ ಅಪಾಯವಿದೆ.

1. 100 ಮಿಲಿಲೀಟರ್ ಮೆಥನಾಲ್‌ನಲ್ಲಿ 2.98 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ ಮತ್ತು 35 ಮಿಲಿಗ್ರಾಂ ಐರನ್ ಅಸಿಟೈಲ್ ಅಸಿಟೋನೇಟ್ ಕರಗಿಸಿ. ಸತುವಿನ ನೂರು ಪರಮಾಣುಗಳಿಗೆ ಕಬ್ಬಿಣದ್ದು ಒಂದು.
2. ಬೇರೆ 100 ಮಿಲಿಲೀಟರ್ ಮೆಥನಾಲ್‌ನಲ್ಲಿ 6.57 ಗ್ರಾಂ 2-ಮಿಥೈಲ್ ಇಮಿಡಜೋಲ್ ಕರಗಿಸಿ. ಕೈಗವಸು ಹಾಕಿ, ಹುಡ್ ಒಳಗೇ ತೂಗಿ.
3. ಎರಡನೆಯದನ್ನು ಮೊದಲನೆಯದಕ್ಕೆ ಒಂದೇ ಸಲಕ್ಕೆ ಸುರಿದು ಜೋರಾಗಿ ಕಲಕಿ. ಸ್ವಲ್ಪ ಹೊತ್ತಿನಲ್ಲೇ ಹಾಲು ಬೆರೆತಂತೆ ಮಬ್ಬಾಗುತ್ತದೆ. 24 ಗಂಟೆ ಕೋಣೆಯ ತಾಪದಲ್ಲಿ ಕಲಕಲು ಬಿಡಿ.
4. ಸೆಂಟ್ರಿಫ್ಯೂಜ್ ಮಾಡಿ, ಮೆಥನಾಲ್‌ನಲ್ಲಿ ಮೂರು ಸಲ ತೊಳೆಯಿರಿ. ಮೊದಲ ತೊಳೆತದ ದ್ರವಕ್ಕೆ ಬಣ್ಣ ಇರುತ್ತದೆ. ಮೂರನೆಯದು ನೀರಿನಂತೆ ತಿಳಿಯಾಗಿರಬೇಕು, ಆಗದಿದ್ದರೆ ನಾಲ್ಕನೇ ಸಲ ತೊಳೆಯಿರಿ. ಗೂಡಿನ ಹೊರಗೆ ಅಂಟಿಕೊಂಡ ಕಬ್ಬಿಣವೇ ಮುಂದೆ ಗಂಟಾಗುವುದು.
5. 60 ಡಿಗ್ರಿಯಲ್ಲಿ ನಿರ್ವಾತದಲ್ಲಿ ರಾತ್ರಿಯಿಡೀ ಒಣಗಿಸಿ.

ಕಬ್ಬಿಣ ಇಲ್ಲದ ಶುದ್ಧ ಜಿಫ್-8 ಅಚ್ಚ ಬಿಳಿ. ಕಬ್ಬಿಣ ಹಿಡಿದ ಪುಡಿ ತಿಳಿ ಕಿತ್ತಳೆ ಛಾಯೆಯದು. ತುಕ್ಕಿನ ಬಣ್ಣ ಬಂದಿದ್ದರೆ ಹೈಡ್ರಾಕ್ಸೈಡ್ ಸೇರಿಕೊಂಡಿದೆ ಎಂದರ್ಥ, ಅದನ್ನು ಸುಡಬೇಡಿ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಚದುರುವಿಕೆಯಿಂದ ಹರಳಿನ ರಚನೆ ಓದುವ ಪರೀಕ್ಷೆ) 7.3 ಡಿಗ್ರಿಯ ಬಳಿ ಚೂಪಾದ ಶಿಖರ ಕಂಡರೆ ಗೂಡು ಸರಿಯಾಗಿ ಕಟ್ಟಿದೆ.

ಕಬ್ಬಿಣ ಜಾಸ್ತಿ ಹಾಕಬೇಡಿ. ಈ ತಪ್ಪು ಎಲ್ಲರೂ ಮಾಡುತ್ತಾರೆ. ಸುಟ್ಟಾಗ ಸತುವೂ ಸಾವಯವ ಭಾಗದ ಬಹುಪಾಲೂ ಹಾರಿಹೋಗುತ್ತವೆ, ಕಬ್ಬಿಣ ಮಾತ್ರ ಹೋಗುವುದಿಲ್ಲ. ಮೂರನೇ ಒಂದು ಭಾಗ ಪುಡಿ ಉಳಿದರೆ ಕಬ್ಬಿಣದ ಪಾಲು ಮೂರು ಪಟ್ಟಾಗುತ್ತದೆ. ಮೇಲಿನ ಅಳತೆಯಲ್ಲಿ ಇರುವುದೇ ಸುಮಾರು 5.5 ಮಿಲಿಗ್ರಾಂ ಕಬ್ಬಿಣ, ಕೊನೆಯ ಪುಡಿಯಲ್ಲಿ ಅದು 0.7 ಶೇಕಡಾ ಆಸುಪಾಸು ತಲುಪಬಹುದು. ಅಷ್ಟು ಸಾಕು.

ಇದೇ ಹೊತ್ತಿಗೆ ಕಬ್ಬಿಣ ಹಾಕದೆ ಒಂದು ಜೋಡಿ ಮಾದರಿಯನ್ನೂ ಮಾಡಿಡಿ. ಎಂಟನೇ ಹಂತದಲ್ಲಿ ಅದಿಲ್ಲದೆ ನಿಮ್ಮ ಮಾತಿಗೆ ಆಧಾರವಿಲ್ಲ. ತೊಳೆದ ಮೆಥನಾಲನ್ನು ಸಿಂಕ್‌ಗೆ ಸುರಿಯಬೇಡಿ, ಡಬ್ಬದಲ್ಲಿ ಕೂಡಿಡಿ. ಈ ವಿಧಾನದಲ್ಲಿ ದುಡ್ಡು ಹೋಗುವುದು ಕಬ್ಬಿಣಕ್ಕಲ್ಲ, ಮೆಥನಾಲ್, ಇಮಿಡಜೋಲ್, ಆರ್ಗಾನ್ ಮತ್ತು ಕರೆಂಟ್ ಬಿಲ್ಲಿಗೆ. ಅಗ್ಗದ ಕ್ಯಾಟಲಿಸ್ಟ್ ಎಂದು ಬರೆಯುವ ಮೊದಲು ಆ ಲೆಕ್ಕವನ್ನೂ ಹಾಕಿ.

## ಹಂತ 4: ಸುಡುವುದು

ಮೊದಲು ಸುರಕ್ಷತೆ. ಇಮಿಡಜೋಲ್ ಒಡೆಯುವಾಗ ಹೊರಡುವ ಅನಿಲದಲ್ಲಿ ಹೈಡ್ರೋಜನ್ ಸಯನೈಡ್ ಇರಬಹುದು. ಫರ್ನೇಸ್ ಹೊರಕೊಳವೆಯನ್ನು ಮೊದಲು ಒಂದು ಖಾಲಿ ಬಾಟಲಿಗೆ, ಅಲ್ಲಿಂದ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಗೆ, ಅಲ್ಲಿಂದ ಹುಡ್‌ಗೆ ಕೊಡಿ. ಖಾಲಿ ಬಾಟಲಿ ಏಕೆ? ಫರ್ನೇಸ್ ತಣಿಯುವಾಗ ಒಳಗಿನ ಅನಿಲ ಕುಗ್ಗುತ್ತದೆ. ಆರ್ಗಾನ್ ಹರಿವು ಕಡಿಮೆ ಇದ್ದರೆ ಕ್ಷಾರ ಹಿಂದಕ್ಕೆ ಹೀರಿಕೊಂಡು ಕಾದ ಟ್ಯೂಬಿಗೆ ನುಗ್ಗುತ್ತದೆ, ಟ್ಯೂಬ್ ಸೀಳುತ್ತದೆ. ಖಾಲಿ ಬಾಟಲಿ ಅದನ್ನು ತಡೆಯುತ್ತದೆ. ಕೊಳವೆಯಲ್ಲಿ ದ್ರವ ಹಿಂದಕ್ಕೆ ಏರುತ್ತಿರುವುದು ಕಂಡ ಕೂಡಲೇ ಆರ್ಗಾನ್ ಹರಿವು ಹೆಚ್ಚಿಸಿ. ಸುಡುವ ದಿನ ಒಬ್ಬರೇ ಲ್ಯಾಬ್‌ನಲ್ಲಿರಬೇಡಿ.

ಖಾಲಿ ಅಲ್ಯುಮಿನಾ ದೋಣಿಯ ತೂಕ ಬರೆದುಕೊಳ್ಳಿ. 300 ಮಿಲಿಗ್ರಾಂ ಪುಡಿಯನ್ನು ತೆಳುವಾಗಿ ಹರಡಿ. ದೋಣಿ ತುಂಬಾ ಒತ್ತಿ ತುಂಬಿದರೆ ಕೆಳಗಿನ ಸತು ಹೊರಬರುವುದಿಲ್ಲ.

ಕಾಯಿಸುವ ಮೊದಲು ಟ್ಯೂಬಿನ ಗಾಳಿ ಪೂರ್ತಿ ಹೋಗಬೇಕು. 2 ಲೀಟರ್ ಟ್ಯೂಬಿಗೆ ನಿಮಿಷಕ್ಕೆ 200 ಮಿಲಿಲೀಟರ್ ಹರಿವಿನಲ್ಲಿ ಒಂದು ಸಲ ಬದಲಾಗಲು 10 ನಿಮಿಷ. ಐದು ಸಲ ಬದಲಾಗಲಿ, ಅಂದರೆ 50 ನಿಮಿಷ. ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 1000 ಡಿಗ್ರಿಗೆ ಏರಿಸಿ ಒಂದು ಗಂಟೆ ನಿಲ್ಲಿಸಿ. ಸತುವಿನ ಕುದಿಬಿಂದು 907 ಡಿಗ್ರಿ. ಅದಕ್ಕಿಂತ ಕೆಳಗೆ ನಿಲ್ಲಿಸಿದರೆ ಸತು ಉಳಿದು ರಂಧ್ರಗಳನ್ನು ಮುಚ್ಚಿಕೊಂಡಿರುತ್ತದೆ. ತಣಿಯುವಾಗಲೂ ಆರ್ಗಾನ್ ಹರಿಯುತ್ತಲೇ ಇರಲಿ. 50 ಡಿಗ್ರಿಗಿಂತ ಕೆಳಗೆ ಬರುವವರೆಗೆ ತೆರೆಯಬೇಡಿ, ಬಿಸಿ ಇರುವಾಗ ಗಾಳಿ ತಾಕಿದರೆ ಪುಡಿ ಕಣ್ಣೆದುರೇ ಉರಿದುಹೋಗುತ್ತದೆ.

ತೆರೆದ ಮೇಲೆ ಮೂರು ಕಡೆ ನೋಡಿ. ಟ್ಯೂಬಿನ ತಣ್ಣನೆಯ ತುದಿಯಲ್ಲಿ ಬೂದು ಲೋಹದ ಲೇಪ ಇದ್ದರೆ ಸತು ಸರಿಯಾಗಿ ಹೋಗಿದೆ. ದೋಣಿಯಲ್ಲಿ ಪುಡಿ ಎಲ್ಲೆಡೆ ಒಂದೇ ಮಾಸಲು ಕಪ್ಪಾಗಿರಬೇಕು. ತೂಕ ಆರಂಭದ ಮೂರನೇ ಒಂದು ಭಾಗದ ಆಸುಪಾಸು. ಹತ್ತನೇ ಒಂದು ಭಾಗ ಮಾತ್ರ ಉಳಿದಿದ್ದರೆ ಅಥವಾ ಮೇಲೆ ಬಿಳಿ ಪೊರೆ ಕಂಡರೆ ಗಾಳಿ ಸೋರಿದೆ. ಆ ಬಿಳಿ ಜಿಂಕ್ ಆಕ್ಸೈಡ್. ಅಂಥ ಪುಡಿಯನ್ನು ಆಮ್ಲದಲ್ಲಿ ತೊಳೆದು ಉಳಿಸಿಕೊಳ್ಳುವ ಆಸೆ ಬೇಡ, ಸೋರಿಕೆ ಮುಚ್ಚಿ ಹೊಸದಾಗಿ ಸುಡಿ.

## ಹಂತ 5: ಆಮ್ಲದ ತೊಳೆತ ಮತ್ತು ಅಯಸ್ಕಾಂತದ ಪರೀಕ್ಷೆ

ಒಂದು ಚಿಟಿಕೆ ಪುಡಿಯನ್ನು ಗಾಜಿನ ಸೀಸೆಯಲ್ಲಿ ಎಥನಾಲ್‌ಗೆ ಬೆರೆಸಿ ಅಲ್ಲಾಡಿಸಿ, ಹೊರಗಿನಿಂದ ಬಲವಾದ ನಿಯೋಡಿಮಿಯಂ ಅಯಸ್ಕಾಂತ ಹಿಡಿದು ಹತ್ತು ನಿಮಿಷ ಕಾಯಿರಿ. ಕಪ್ಪು ಕಣಗಳು ಮೀಸೆಯಂತೆ ಅಯಸ್ಕಾಂತದ ಕಡೆಗೆ ಸಾಲುಗಟ್ಟಿದರೆ ಕಬ್ಬಿಣ ಗಂಟಾಗಿದೆ: ಲೋಹ ಅಥವಾ ಕಾರ್ಬೈಡ್. ದುಬಾರಿ ಉಪಕರಣಕ್ಕೆ ಮಾದರಿ ಕಳಿಸುವ ಮೊದಲು ನಾನು ಮಾಡುವುದು ಇದನ್ನೇ.

ತೊಳೆತಕ್ಕೆ 0.5 ಮೋಲಾರ್ ಗಂಧಕಾಮ್ಲ, 80 ಡಿಗ್ರಿ, 8 ಗಂಟೆ. ಸೋಸಿ, ನೀರು ತಟಸ್ಥವಾಗುವವರೆಗೆ ತೊಳೆದು ಒಣಗಿಸಿ. ಆಮೇಲೆ ಆರ್ಗಾನ್‌ನಲ್ಲಿ 900 ಡಿಗ್ರಿಗೆ ಇನ್ನೊಂದು ಗಂಟೆ. ಈ ಎರಡನೇ ಸುಡುವಿಕೆ ಬಿಟ್ಟರೆ ಆಮ್ಲದ ಅಯಾನುಗಳು ಸಕ್ರಿಯ ಜಾಗಗಳಿಗೆ ಅಂಟಿಕೊಂಡೇ ಇದ್ದು ಪುಡಿ ಮಂಕಾಗಿ ಕಾಣುತ್ತದೆ. ಕಬ್ಬಿಣ ಕಡಿಮೆ ಇದ್ದು ಅಯಸ್ಕಾಂತ ಏನನ್ನೂ ಎಳೆಯದಿದ್ದರೆ ತೊಳೆತವೇ ಬೇಕಿಲ್ಲದಿರಬಹುದು. ಆದರೂ ಮೊದಲ ಸಲ ಮಾಡಿ, ಮೊದಲೂ ನಂತರವೂ ಅಳೆದು ನೀವೇ ನೋಡಿ.

ಎಕ್ಸ್‌ಆರ್‌ಡಿಯಲ್ಲಿ 25 ಮತ್ತು 44 ಡಿಗ್ರಿ ಬಳಿ ಅಗಲವಾದ ಎರಡು ದಿಬ್ಬಗಳಷ್ಟೇ ಇರಬೇಕು. 44.7ರಲ್ಲಿ ಚೂಪು ಮೊನೆ ಎದ್ದರೆ ಲೋಹದ ಕಬ್ಬಿಣ. ಕಾಲೇಜಿನಲ್ಲಿ ಈ ಉಪಕರಣ ಇಲ್ಲದವರಿಗೆ ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ಹೊರಗಿನವರ ಮಾದರಿಗೂ ಶುಲ್ಕದ ಮೇಲೆ ಅವಕಾಶವಿದೆ.

## ಹಂತ 6: ನಿಮ್ಮ ಪುಡಿಯ ಅಳತೆ

10 ಮಿಲಿಗ್ರಾಂ ಪುಡಿ, 450 ಮೈಕ್ರೋಲೀಟರ್ ನೀರು, 450 ಐಸೊಪ್ರೊಪನಾಲ್, 100 ಮೈಕ್ರೋಲೀಟರ್ ನಾಫಿಯಾನ್ ದ್ರಾವಣ. ಒಂದು ಗಂಟೆ ಐಸ್‌ನಲ್ಲಿ ಸಾನಿಕೇಟ್. ಇಂಕ್ ಹತ್ತು ನಿಮಿಷ ನಿಂತರೂ ತಳದಲ್ಲಿ ಮರಳಿನಂತೆ ಕೂರಬಾರದು. ಆರು ಮೈಕ್ರೋಲೀಟರ್ ಬಿಟ್ಟು, ಒಣಗಿದ ಮೇಲೆ ಇನ್ನಾರು. ಲೋಡಿಂಗ್ ಚದರ ಸೆಂಟಿಮೀಟರ್‌ಗೆ ಸುಮಾರು 0.61 ಮಿಲಿಗ್ರಾಂ. ಉಳಿದ ಕ್ರಮ ಎರಡನೇ ಹಂತದ್ದೇ, ಕೌಂಟರ್ ಅದೇ ಗ್ರಾಫೈಟ್. ಪ್ಲಾಟಿನಂ ಅಳೆದ ಡಿಸ್ಕನ್ನು ಇದಕ್ಕೆ ಬಳಸಬೇಡಿ, ಬೇರೆ ಡಿಸ್ಕ್ ಇಡಿ.

ಈ ಪುಡಿಯ ಮೇಲ್ಮೈ ವಿಸ್ತಾರ ಬಹಳ ದೊಡ್ಡದಾದ್ದರಿಂದ ಹಿನ್ನೆಲೆ ಕರೆಂಟ್ ಕೂಡ ದೊಡ್ಡದು. ನೈಟ್ರೋಜನ್ ಗ್ರಾಫ್ ಕಳೆಯದೆ ಹಾಫ್‌ವೇವ್ ಓದಿದರೆ ಅದಕ್ಕೆ ಅರ್ಥವಿಲ್ಲ. ಸ್ಕ್ಯಾನ್ ಸೆಕೆಂಡಿಗೆ 5 ಮಿಲಿವೋಲ್ಟ್‌ಗೆ ಇಳಿಸಿ.

ಚೆನ್ನಾಗಿ ಆದ ಪುಡಿ 0.1 ಮೋಲಾರ್ ಕ್ಷಾರದಲ್ಲಿ 0.85ರಿಂದ 0.90 ವೋಲ್ಟ್, 0.5 ಮೋಲಾರ್ ಗಂಧಕಾಮ್ಲದಲ್ಲಿ 0.75ರಿಂದ 0.82 ವೋಲ್ಟ್ ಹಾಫ್‌ವೇವ್ ಕೊಡಬೇಕು. ಬರೀ ಕ್ಷಾರದಲ್ಲಿ ಅಳೆದು ನಿಲ್ಲಿಸಬೇಡಿ. ಕಬ್ಬಿಣವಿಲ್ಲದ ನೈಟ್ರೋಜನ್ ಕಾರ್ಬನ್ ಕೂಡ ಕ್ಷಾರದಲ್ಲಿ ಚೆನ್ನಾಗಿಯೇ ಓಡುತ್ತದೆ, ವ್ಯತ್ಯಾಸ ಬಯಲಾಗುವುದು ಆಮ್ಲದಲ್ಲಿ.

ಪ್ಲಾಟಿನಂ ಜೊತೆ ಹೋಲಿಸುವಾಗ ನ್ಯಾಯವಾಗಿರಿ. ಗಂಧಕಾಮ್ಲದ ಸಲ್ಫೇಟ್ ಪ್ಲಾಟಿನಂಗೆ ಅಂಟಿಕೊಂಡು ಅದನ್ನು ಕುಗ್ಗಿಸುತ್ತದೆ. ಆಮ್ಲದಲ್ಲಿ ಪ್ಲಾಟಿನಂನ ನಿಜವಾದ ಬಲ ಕಾಣುವುದು 0.1 ಮೋಲಾರ್ ಪರ್ಕ್ಲೋರಿಕ್ ಆಮ್ಲದಲ್ಲಿ. ಎರಡರ ಲೋಡಿಂಗ್‌ಗಳನ್ನೂ ಗ್ರಾಫ್ ಪಕ್ಕದಲ್ಲೇ ಬರೆಯಿರಿ, ಓದುವವರಿಗೆ 20 ಮೈಕ್ರೋಗ್ರಾಂ ಪ್ಲಾಟಿನಂ ಎದುರು 610 ಮೈಕ್ರೋಗ್ರಾಂ ಪುಡಿ ನಿಂತಿದೆ ಎಂಬುದು ಗೊತ್ತಾಗಲಿ.

## ಹಂತ 7: ಪೆರಾಕ್ಸೈಡ್ ಎಷ್ಟು?

ಆಕ್ಸಿಜನ್ ನಾಲ್ಕು ಎಲೆಕ್ಟ್ರಾನ್ ಪಡೆದರೆ ನೀರು, ಎರಡಕ್ಕೇ ನಿಂತರೆ ಹೈಡ್ರೋಜನ್ ಪೆರಾಕ್ಸೈಡ್. ಕಬ್ಬಿಣದ ಜೊತೆ ಸೇರಿದ ಪೆರಾಕ್ಸೈಡ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ಕಾರ್ಬನ್ನನ್ನೂ ಮೆಂಬ್ರೇನನ್ನೂ ಕಡಿಯುತ್ತದೆ. ಹಾಗಾಗಿ ಇದನ್ನು ರಿಂಗ್ ಡಿಸ್ಕ್‌ನಲ್ಲಿ (ಡಿಸ್ಕ್ ಸುತ್ತ ಪ್ಲಾಟಿನಂ ಉಂಗುರ ಇರುವ ಎಲೆಕ್ಟ್ರೋಡ್) ನೇರವಾಗಿ ಅಳೆಯಬೇಕು. ರಂಧ್ರಗಳಿರುವ ದಪ್ಪ ಪದರಕ್ಕೆ ಕೌಟೆಕಿ-ಲೆವಿಚ್ ಗೆರೆ (ಬೇರೆ ಬೇರೆ ತಿರುಗು ವೇಗಗಳ ಕರೆಂಟ್‌ಗಳಿಂದ ಎಳೆಯುವ ಗೆರೆ) ಎಳೆದು ಎಲೆಕ್ಟ್ರಾನ್ ಸಂಖ್ಯೆ ಹೇಳುವುದನ್ನು ನಾನು ಒಪ್ಪುವುದಿಲ್ಲ, ಆ ಸಮೀಕರಣ ನಯವಾದ ಮೇಲ್ಮೈಗೆ ಬರೆದದ್ದು.

ರಿಂಗ್ ಅನ್ನು 1.2 ವೋಲ್ಟ್‌ನಲ್ಲಿಡಿ. ರಿಂಗ್‌ನ ಹಿಡಿಯುವ ಸಾಮರ್ಥ್ಯವನ್ನು ಫೆರಿಸಯನೈಡ್ ದ್ರಾವಣದಲ್ಲಿ ನೀವೇ ಅಳೆಯಿರಿ. ಉದಾಹರಣೆಗೆ ಆ ಸಂಖ್ಯೆ 0.25, ಡಿಸ್ಕ್ ಕರೆಂಟ್ 1 ಮಿಲಿಆಂಪಿಯರ್, ರಿಂಗ್ ಕರೆಂಟ್ 0.01 ಎಂದುಕೊಳ್ಳಿ. 0.01ನ್ನು 0.25ರಿಂದ ಭಾಗಿಸಿದರೆ 0.04. ಪೆರಾಕ್ಸೈಡ್ ಶೇಕಡಾ ಎಂದರೆ 200ನ್ನು 0.04ರಿಂದ ಗುಣಿಸಿ 1.04ರಿಂದ ಭಾಗಿಸಿದ್ದು, ಅಂದರೆ 7.7. ಎಲೆಕ್ಟ್ರಾನ್ ಸಂಖ್ಯೆ 4ನ್ನು 1.04ರಿಂದ ಭಾಗಿಸಿದ್ದು, 3.85. ರಿಂಗ್‌ನ ಪ್ಲಾಟಿನಂ ಕೂಡ ಕರಗಬಲ್ಲದು, ಆದ್ದರಿಂದ ಚುರುಕುತನದ ಅಳತೆಗಳೆಲ್ಲ ಮುಗಿದ ಮೇಲೆ ಇದನ್ನು ಹೊಸ ಪದರದಲ್ಲಿ ಮಾಡಿ.

ಇಲ್ಲಿ ಮೋಸಹೋಗುವುದು ಸುಲಭ. ಪದರ ದಪ್ಪವಿದ್ದರೆ ಒಳಗೆ ಹುಟ್ಟಿದ ಪೆರಾಕ್ಸೈಡ್ ಹೊರಬರುವ ದಾರಿಯಲ್ಲೇ ಮತ್ತೆ ನೀರಾಗುತ್ತದೆ, ರಿಂಗ್‌ಗೆ ಅದು ಕಾಣುವುದೇ ಇಲ್ಲ. ಲೋಡಿಂಗ್ 0.1 ಮಿಲಿಗ್ರಾಂಗೆ ಇಳಿಸಿ ಇನ್ನೊಮ್ಮೆ ಅಳೆಯಿರಿ. ಪೆರಾಕ್ಸೈಡ್ ಥಟ್ಟನೆ ಏರಿದರೆ ನಿಮ್ಮ ಪುಡಿ ಆಕ್ಸಿಜನ್ನನ್ನು ನೇರವಾಗಿ ನೀರಾಗಿಸುತ್ತಿಲ್ಲ, ಎರಡು ಮೆಟ್ಟಿಲಲ್ಲಿ ಹೋಗುತ್ತಿದೆ.

## ಹಂತ 8: ಕೆಲಸ ಮಾಡುತ್ತಿರುವುದು ಕಬ್ಬಿಣವೇ? ಎಷ್ಟು ದಿನ?

ಜೋಡಿ ಮಾದರಿಯನ್ನು ಆಮ್ಲದಲ್ಲಿ ಅಳೆಯಿರಿ. ಕಬ್ಬಿಣ ಇರುವುದಕ್ಕೂ ಇಲ್ಲದ್ದಕ್ಕೂ ಹಾಫ್‌ವೇವ್ ಅಂತರ 100 ಮಿಲಿವೋಲ್ಟ್‌ಗಿಂತ ಕಡಿಮೆ ಇದ್ದರೆ ಎಲ್ಲೋ ಕಬ್ಬಿಣ ಬೆರೆತಿದೆ ಎಂದು ಶಂಕಿಸಿ. ಹಿಂದಿನ ಬ್ಯಾಚಿನ ದೋಣಿ, ಸ್ಟೀಲ್ ಚಮಚ, ಟ್ಯೂಬಿನ ಗೋಡೆ ನೋಡಿ.

ಬಾಳಿಕೆಗೆ, ನೈಟ್ರೋಜನ್ ಅಥವಾ ಆಕ್ಸಿಜನ್‌ನಲ್ಲಿ 0.6 ರಿಂದ 1.0 ವೋಲ್ಟ್ ನಡುವೆ 10,000 ಸುತ್ತು. ಯಾವ ಅನಿಲ ಎಂದು ಬರೆಯಲೇಬೇಕು. ನೈಟ್ರೋಜನ್‌ನಲ್ಲಿ ಅಲ್ಲಾಡದ ಪುಡಿ ಆಕ್ಸಿಜನ್‌ನಲ್ಲಿ ಬೇಗ ಕುಸಿಯಬಹುದು, ಪೆರಾಕ್ಸೈಡ್ ಹುಟ್ಟುವುದು ಅಲ್ಲಿ ಮಾತ್ರ. ಮುಗಿದ ಮೇಲೆ ಎಲೆಕ್ಟ್ರೋಲೈಟನ್ನು ಚೆಲ್ಲದೆ ಐಸಿಪಿ-ಎಂಎಸ್‌ಗೆ (ದ್ರಾವಣದ ಅತ್ಯಲ್ಪ ಲೋಹವನ್ನೂ ಅಳೆಯುವ ಪರೀಕ್ಷೆ) ಕಳಿಸಿ. ಕಬ್ಬಿಣ ಎಷ್ಟು ಕರಗಿದೆ ಎಂಬ ಒಂದು ಸಂಖ್ಯೆ ಹತ್ತು ಗ್ರಾಫ್‌ಗಳಿಗಿಂತ ಹೆಚ್ಚು ಹೇಳುತ್ತದೆ.

ಮೂರು, ಎಂಟನೇ ಹಂತಗಳ ನಡುವಿನ ಪೂರ್ತಿ ದಾರಿಯನ್ನು ಮೂರು ಪ್ರತ್ಯೇಕ ಬ್ಯಾಚ್‌ಗಳಲ್ಲಿ ನಡೆಯಬೇಕು. ಒಂದೇ ಬ್ಯಾಚನ್ನು ಮೂರು ಸಲ ಅಳೆಯುವುದು ಅದಕ್ಕೆ ಸಮನಲ್ಲ.

## ಹಂತ 9: ನಿಜವಾದ ಸೆಲ್‌ಗೆ

ಡಿಸ್ಕ್ ಮೇಲೆ ಗೆದ್ದದ್ದು ಸೆಲ್‌ನಲ್ಲಿ ಸೋಲುವುದಕ್ಕೆ ಮುಖ್ಯ ಕಾರಣ ದಪ್ಪ. ಈ ಪುಡಿಯ ಕ್ಯಾಥೋಡ್‌ಗೆ ಚದರ ಸೆಂಟಿಮೀಟರ್‌ಗೆ 3ರಿಂದ 4 ಮಿಲಿಗ್ರಾಂ ಬೇಕು, ಪದರ ಸುಮಾರು 100 ಮೈಕ್ರಾನ್ ಆಗುತ್ತದೆ. ಪ್ಲಾಟಿನಂ ಪದರ ಅದರ ಹತ್ತನೇ ಒಂದು ಭಾಗ. ಪ್ರೋಟಾನ್ ಒಂದು ಬದಿಯಿಂದ, ಆಕ್ಸಿಜನ್ ಇನ್ನೊಂದು ಬದಿಯಿಂದ ಈ ಗೋಡೆಯನ್ನು ದಾಟಬೇಕು. ಅದಕ್ಕೆ ನಾಫಿಯಾನ್ ಪಾಲನ್ನು ಪದರದ ತೂಕದ 35 ರಿಂದ 50 ಶೇಕಡಾ ನಡುವೆ ಮೂರ್ನಾಲ್ಕು ಅಳತೆಗಳಲ್ಲಿ ಬದಲಿಸಿ ನೋಡಬೇಕಾಗುತ್ತದೆ.

5 ಚದರ ಸೆಂಟಿಮೀಟರ್ ಸೆಲ್‌ನಿಂದ ಆರಂಭಿಸಿ, 80 ಡಿಗ್ರಿ, ಪೂರ್ಣ ತೇವಾಂಶ. ಮೊದಲು ಹೈಡ್ರೋಜನ್-ಆಕ್ಸಿಜನ್, ಆಮೇಲೆ ಹೈಡ್ರೋಜನ್-ಗಾಳಿ. ಅಮೆರಿಕದ ಇಂಧನ ಇಲಾಖೆ ಪ್ಲಾಟಿನಂ ರಹಿತ ಕ್ಯಾಥೋಡ್‌ಗೆ ಇಟ್ಟ ಗುರಿ 0.9 ವೋಲ್ಟ್‌ನಲ್ಲಿ, ರೋಧ ತಿದ್ದಿದ ಮೇಲೆ, ಚದರ ಸೆಂಟಿಮೀಟರ್‌ಗೆ 44 ಮಿಲಿಆಂಪಿಯರ್. ಮೊದಲ ಸೆಲ್‌ನಲ್ಲಿ ಅದರ ನಾಲ್ಕನೇ ಒಂದು ಭಾಗ ಬಂದರೂ ಪುಡಿ ಸರಿಯಾಗಿದೆ, ಕೆಲಸ ಇರುವುದು ಪದರದಲ್ಲಿ.

ಆಕ್ಸಿಜನ್‌ನಲ್ಲಿ ಚೆನ್ನಾಗಿದ್ದು ಗಾಳಿಗೆ ಬದಲಿಸಿದೊಡನೆ ಹೆಚ್ಚಿನ ಕರೆಂಟ್‌ನಲ್ಲಿ ವೋಲ್ಟೇಜ್ ಕುಸಿದರೆ ಪದರದಲ್ಲಿ ನೀರು ನಿಂತಿದೆ, ನಾಫಿಯಾನ್ ಇಳಿಸಿ. ಎರಡರಲ್ಲೂ ಮೊದಲಿನಿಂದಲೇ ಇಳಿಜಾರಾಗಿದ್ದರೆ ಪ್ರೋಟಾನ್‌ಗೆ ದಾರಿಯಿಲ್ಲ, ನಾಫಿಯಾನ್ ಏರಿಸಿ. ಸ್ಥಿರ ವೋಲ್ಟೇಜ್‌ನಲ್ಲಿ ಕನಿಷ್ಠ 50 ಗಂಟೆ ಓಡಿಸಿ, ಮೊದಲ ಗಂಟೆಗಳ ಕುಸಿತವನ್ನು ಗ್ರಾಫ್‌ನಿಂದ ಕತ್ತರಿಸದೆ ಹಾಗೆಯೇ ತೋರಿಸಿ.